ನಿಂಬೆವ್ವನ ಹಡಗು

ಎಲ್ಲ ರಗಳೆಗೂ ಮೂಲ ಟೀವಿಯಲ್ಲಿ ಬಂದ ಒಂದು ಬಿಳಿ ಹಡಗು. ಅಫಜಲಪುರದ ಹೈಸ್ಕೂಲು ಗುಮಾಸ್ತ ಗುರುಶಾಂತನ ತಾಯಿ ನಿಂಬೆವ್ವ ಧಾರಾವಾಹಿಯ ನಡುವೆ ಅದನ್ನು ನೋಡಿದಳು. ಅವರೆಕಾಯಿ ಬಿಡಿಸುತ್ತಿದ್ದ ಕೈ ಹಾಗೇ ನಿಂತಿತು. ಎಪ್ಪತ್ತೆರಡು ವರ್ಷದಲ್ಲಿ ಆಕೆ ಕಂಡ ದೊಡ್ಡ ನೀರೆಂದರೆ ಭೀಮಾ ನದಿಯ ಸೊನ್ನದ ಬ್ಯಾರೇಜಿನದು, ಅದೂ ಬಸ್ಸಿನ ಕಿಟಕಿಯಿಂದ.

"ಗುರುಶಾಂತ, ನನಗ ಒಂದ್ಸಲ ಸಮುದ್ರದಾಗ ಹಡಗಿನ್ಯಾಗ ಕುಂದ್ರಸಲೇ," ಅಂದಳು. "ಆದ್ರ ನನ್ನ ಒಬ್ಬಾಕಿನ್ನ ಒಯ್ಯಬ್ಯಾಡ. ನಮ್ಮ ಮಂದಿ ಎಲ್ಲಾ ಬರಬೇಕು. ನಾ ಹಡಗಿನ್ಯಾಗ ಕುಂತಿದ್ದು ನೋಡಾಕ ಯಾರೂ ಇಲ್ಲಂದ್ರ ಕುಂತರ ಏನು ಬಂತು?"

ಇಷ್ಟು ವರ್ಷದಲ್ಲಿ ಒಂದು ಸೀರೆಯನ್ನೂ ಬಾಯಿಬಿಟ್ಟು ಕೇಳದ ತಾಯಿ. ಗುರುಶಾಂತನಿಗೆ ಇಲ್ಲ ಅನ್ನಲಾಗಲಿಲ್ಲ. ಮೊಬೈಲಿನಲ್ಲಿ ಹುಡುಕಿದ. ಮುಂಬೈಯಿಂದ ಗೋವಾಕ್ಕೆ ಅಂಥ ಹಡಗು ಹೋಗುತ್ತದೆ, ಅದರಲ್ಲಿ ಹೋಗುವುದಕ್ಕೆ 'ಕ್ರೂಸ್' ಅನ್ನುತ್ತಾರೆ ಎಂದು ತಿಳಿಯಿತು. ತಿಳಿದದ್ದೇ ತಪ್ಪಾಯಿತು. ಇಪ್ಪತ್ತು ವರ್ಷ ಹಾಜರಿ ಪುಸ್ತಕಕ್ಕೆ ಗೆರೆ ಎಳೆದು ಸವೆದವನಿಗೆ ಅಂಥದೊಂದು ಮಾತು ಸಿಕ್ಕರೆ ಬಿಟ್ಟಾನೆಯೇ? ಅಂದಿನಿಂದ ಅವನ ಬಾಯಲ್ಲಿ ಹಡಗು ಎಂಬ ಮಾತೇ ಹೊರಡಲಿಲ್ಲ. "ಹಡಗಲ್ಲ ಬೇ ಅವ್ವ, ಕ್ರೂಸ್," ಎಂದು ತಾಯಿಯನ್ನೇ ತಿದ್ದಿದ. ಮನೆತನದ ವಾಟ್ಸಾಪ್ ಗುಂಪಿಗೆ ಬರೆದು ಹಾಕಿದರೆ ಓದುವ ಕಣ್ಣು ಎಷ್ಟಿವೆ ಎಂದುಕೊಂಡು ದನಿಯಲ್ಲೇ ಹೇಳಿ ಕಳಿಸಿದ: "ಎಲ್ಲಾ ಹಿರ್ಯಾರಿಗೂ ಶರಣು. ಈ ಸಲ ಎಲ್ಲಾರೂ ಕೂಡಿ ಕ್ರೂಸ್ರಿ. ಮುಂಬೈ, ಗೋವಾ, ಮೂರು ದಿನ."

ಮರುದಿನವೇ ಜೇವರ್ಗಿ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ಮೆಹಬೂಬನ ಟ್ರಾವೆಲ್ಸಿಗೆ ಹೋದ. ಬೋರ್ಡಿನ ಮೇಲೆ ಒಂದು ಕಡೆ ವಿಮಾನ, ಇನ್ನೊಂದು ಕಡೆ ತಾಜ್‌ಮಹಲ್, ನಡುವೆ ಥೇಟ್ ಟೀವಿಯಲ್ಲಿ ಬಂದಂಥದೇ ಬಿಳಿ ಹಡಗು. ಇನ್ನೇನು ಬೇಕು?

"ಏನ್ ಬೇಕಾಗಿತ್ರಿ?" ಅಂದ ಮೆಹಬೂಬ.

"ಕ್ರೂಸ್ರಿ. ಮುಂಬೈ, ಗೋವಾ. ಮನಿ ಮಂದಿ ಎಲ್ಲಾ."

"ಆಗ್ತದ್ರಿ. ಏಸಿ ಬೇಕೊ, ಸಾದಾ ಬೇಕೊ?"

"ಏಸಿ ಇರಲ್ರಿ. ಡೆಕ್ ಹ್ಯಾಂಗದ?" ಆ ಮಾತನ್ನೂ ಗುರುಶಾಂತ ಮೊಬೈಲಿನಲ್ಲೇ ಕಲಿತಿದ್ದ. ಹಡಗಿನ ಮಾಳಿಗೆಗೆ ಡೆಕ್ ಅನ್ನುತ್ತಾರೆ, ಅಲ್ಲಿ ಮಂದಿ ಕುಣಿಯುತ್ತಾರೆ.

"ಡೆಕ್ ಜಬರ್ದಸ್ತ್ ಅದ್ರಿ. ಹೋದ ತಿಂಗಳ ಹೊಸದು ಹಾಕ್ಸೇವಿ. ಮುದುಕ್ರೂ ಎದ್ದು ಕುಣಿಬೇಕು. ಆದ್ರ ಇಪ್ಪತ್ತೈದು ಮಂದಿ ಆಗಬೇಕ್ರಿ. ಒಬ್ಬರು ಕಡಿಮಿ ಆದ್ರೂ ಪರವಡಂಗಿಲ್ಲ. ಎಳ್ಳ ಅಮಾಸಿ ದಿನ ನೀವೆಲ್ಲಾ ಕೂಡೋ ಹೊಲಕ್ಕ ಸಂಜೀ ಐದಕ್ಕ ನಾನೇ ಬರ್ತೇನಿ. ಹೆಸರಿನ ಲಿಸ್ಟು, ಆಧಾರ್ ಜೆರಾಕ್ಸ್ ತಯಾರ ಇಡ್ರಿ. ಇಲ್ಲಂದ್ರ ಬ್ಯಾರೆ ಪಾರ್ಟಿ ಕಾಯಾಕತ್ತದ."

ಎಳ್ಳ ಅಮಾವಾಸ್ಯೆಗೆ ಮನೆತನದವರೆಲ್ಲ ಕೊಳಕೂರಿನಲ್ಲಿದ್ದ ಮಲ್ಲಣ್ಣ ಕಾಕಾನ ಹೊಲದಲ್ಲಿ ಸೇರುವುದು ರೂಢಿ. ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ ಉಂಡು, ಬೇವಿನ ಮರದ ಕೆಳಗೆ ಉರುಳುತ್ತಾರೆ. ಉರುಳಿದವರು ಓಡಿ ಹೋಗುವುದಿಲ್ಲ. ಹೀಗೆಂದುಕೊಂಡು ಗುರುಶಾಂತ ಶಾಲೆಯ ಶಿಸ್ತಿನಲ್ಲಿ ಇಪ್ಪತ್ತೈದು ಗೆರೆ ಎಳೆದ ಹಾಳೆ ಹಿಡಿದು ಹೆಂಡತಿ ವಿದ್ಯಾವತಿ, ತಾಯಿ ನಿಂಬೆವ್ವರೊಂದಿಗೆ ಬೆಳಗ್ಗೆಯೇ ಹೊಲಕ್ಕೆ ಬಂದ.

ಮೊದಲ ಹೆಸರು ಹಿರಿಯನದಾಗಬೇಕು. ತೀರಿಹೋದ ಅಪ್ಪನ ತಮ್ಮ ಮಲ್ಲಣ್ಣ ಕಾಕಾನ ಮುಂದೆ ಕೂತ.

"ಬರ್ತೇನಲೇ," ಅಂದ ಕಾಕಾ. "ಆದ್ರ ಮುಂದಿನ ಸೀಟು ನನಗ ಬೇಕು. ಹಿಂದ ಕುಂತರ ನನಗ ವಾಂತಿ ಬರ್ತದ."

ಗುರುಶಾಂತನಿಗೆ ಉರಿಯಿತು. ಹತ್ತು ಅಂತಸ್ತಿನ ಹಡಗಿನಲ್ಲಿ ಮುಂದಿನ ಸೀಟು ಬೇಕಂತೆ. ಕಪ್ತಾನನನ್ನು ಎಬ್ಬಿಸಿ ಇವನನ್ನು ಕೂಡಿಸಬೇಕೇನು? ಆದರೆ ಹೆಸರು ಬೇಕಾಗಿತ್ತು. "ಆಗ್ಲಿ ಕಾಕಾ, ಕೊಡಸ್ತೇನ್ರಿ," ಅಂದ.

ಎರಡನೆಯವಳು ಕಾಕಾನ ಹೆಂಡತಿ ಶಾರದಾಬಾಯಿ. ರೊಟ್ಟಿ ಬುಟ್ಟಿ ಇಳಿಸುತ್ತಲೇ ಕೇಳಿದಳು: "ಗುರುಶಾಂತ, ಮ್ಯಾಲ ಕ್ಯಾರಿಯರ್ ಗಟ್ಟಿ ಅದ ಇಲ್ಲೊ? ರೊಟ್ಟಿ ಗಂಟು, ಗ್ಯಾಸಿನ ಒಲಿ, ಖಾರದ ಡಬ್ಬಿ ಎಲ್ಲಾ ಕಟ್ಟಬೇಕು. ಮತ್ತ ಹೋಗಾಗ ಗಾಣಗಾಪುರದಾಗ ಹತ್ತು ಮಿನಿಟ್ ನಿಲ್ಲಸು. ದತ್ತನ ದರ್ಶನ ಮಾಡ್ಕೊಂಡೇ ಮುಂದ ಹೋಗೋದು."

ಗಾಣಗಾಪುರಕ್ಕೆ ಹಡಗು. ಅದು ಸಮುದ್ರ ಬಿಟ್ಟು, ಭೀಮೆಯನ್ನು ಹತ್ತಿ, ದಾರಿಯ ಬ್ಯಾರೇಜೆಲ್ಲ ಜಿಗಿದು ಕಾಕಿಯ ಸಲುವಾಗಿ ಗಾಣಗಾಪುರದ ಘಾಟಿನಲ್ಲಿ ನಿಲ್ಲಬೇಕು. ಏನು ಮಂದಿಯಪ್ಪಾ ಇವರು. ಎಂಟನೇ ಇಯತ್ತೆಯ ಹುಡುಗರಿಗೂ ಇದಕ್ಕಿಂತ ಭೂಗೋಳ ಗೊತ್ತಿರುತ್ತದೆ. ಗುರುಶಾಂತ ಹಲ್ಲು ಕಚ್ಚಿ, "ನೋಡ್ತೇನ್ರಿ ಕಾಕಿ," ಎಂದು ಹೆಸರು ಬರೆದುಕೊಂಡ.

ಹೀಗೇ ಊಟದ ಹೊತ್ತಿಗೆ ತನ್ನ ಮನೆಯ ಮೂವರೂ ಸೇರಿ ಹತ್ತೊಂಬತ್ತು ಹೆಸರಾದವು. ಹದಿನಾರು ಸಲ ಅವನು ಹಲ್ಲು ಕಚ್ಚಿದ. ಒಬ್ಬರಿಗೆ ಕಿಟಕಿ ಬೇಕು, ಒಬ್ಬರಿಗೆ ದಾರಿಯಲ್ಲಿ ಎಲ್ಲಿ ಬೇಕಾದರೂ ಕೈ ಮಾಡಿ ಇಳಿಯುವ ಅನುಕೂಲ ಬೇಕು. ಒಬ್ಬರಂತೂ ಗೇರ್ ಹತ್ತಿರ ಕಾಲು ಚಾಚಲು ಜಾಗ ಬಿಡು ಅಂದರು. ನಿಂಬೆವ್ವ ಮಾತ್ರ ಮರದ ಬುಡಕ್ಕೆ ಒರಗಿ, ಬರೆದ ಹೆಸರುಗಳನ್ನು ಬೆರಳು ಮಡಚಿ ಎಣಿಸುತ್ತ, ಮದುವೆಗೆ ಹೊರಟವಳ ಹಾಗೆ ಒಬ್ಬಳೇ ನಗುತ್ತಿದ್ದಳು.

ಇಪ್ಪತ್ತನೆಯವನು ಅಕ್ಕನ ಗಂಡ, ಆಳಂದದ ತೊಗರಿ ವ್ಯಾಪಾರಿ ಶಾಂತಕುಮಾರ. ಈ ಭಾವನಿಗೆ ಗುರುಶಾಂತ ಏನು ಮಾಡಿದರೂ ನಗು. ಎರಡನೇ ಹೋಳಿಗೆಗೆ ತುಪ್ಪ ಸುರಿದುಕೊಳ್ಳುತ್ತ ಅಂದ: "ಏನೊ ಗುರುಶಾಂತ, ತಿಂಗಳಾತು ಡಂಗುರ ಹೊಡಿಯಾಕತ್ತೀ. ಎರಡು ಕ್ರೂಸರ್ ಬುಕ್ ಮಾಡೋದು ಅಷ್ಟು ದೊಡ್ಡ ಕೆಲಸೇನು? ಆಳಂದ ಚೌಕಿನಾಗ ನಿಂತು ಕೈ ಮಾಡಿದ್ರ ಹತ್ತು ಬರ್ತಾವ. ಹೆಂಗಸರಿಗೊಂದು, ಗಂಡಸರಿಗೊಂದು ಮಾಡು, ಮುಗೀತು."

ಗುರುಶಾಂತನ ಕೈಯಲ್ಲಿದ್ದ ಪೆನ್ನು ಭಜ್ಜಿಯಲ್ಲಿ ಬಿತ್ತು. ಕ್ರೂಸರ್. ಈ ಮೂರು ತಾಲ್ಲೂಕಿನ ಮದುವೆ, ಮಣ್ಣು, ಕೋರ್ಟು, ಕಚೇರಿ ಯಾವುದಕ್ಕೂ ಹನ್ನೆರಡು ಮಂದಿಯ ಜಾಗದಲ್ಲಿ ಇಪ್ಪತ್ತು ಮಂದಿಯನ್ನು ಗಿಡಿದುಕೊಂಡು ಓಡುವ ಅದೇ ಜೀಪು. ಮುಂದಿನ ಸೀಟು, ಕ್ಯಾರಿಯರ್, ಗಾಣಗಾಪುರ, ಗೇರ್ ಎಲ್ಲ ಒಮ್ಮೆಗೇ ಅರ್ಥವಾಯಿತು. ಅರ್ಥವಾದ ಕೂಡಲೇ ಬೆಳಗ್ಗಿನಿಂದ ನುಂಗಿದ ಸಿಟ್ಟೆಲ್ಲ ಹೊರಗೆ ಬಂತು.

"ಕ್ರೂಸರ್ ಅಲ್ರಿ ನಿಮ್ಮ," ಎಂದು ಎದ್ದು ನಿಂತ. "ಕ್ರೂಸ್. ಹಡಗದು, ಹಡಗು. ಸಮುದ್ರದಾಗ ಹೋಗೋದು. ನಾ ತಿಂಗಳಾತು ಗಂಟಲ ಹರ್ಕೊಳ್ಳಾಕತ್ತೇನಿ, ನೀವೆಲ್ಲಾ ಜೀಪಿನ್ಯಾಗ ಕುಂತೀರಲ್ರಿ. ನಮ್ಮವ್ವ ಕ್ರೂಸರ್ ನೋಡಿಲ್ಲೇನು? ಆಕಿ ಕೇಳಿದ್ದು ಹಡಗ್ರಿ."

ಮಲ್ಲಣ್ಣ ಕಾಕಾ ಮೊದಲು ಬಾಯಿ ತೆರೆದ.

"ನೀರಿನ್ಯಾಗ ಹೋಗೋದಾ? ನಮ್ಮ ಬಾವಿ ಇಣಿಕಿ ನೋಡಿದ್ರೇ ನನಗ ತಲಿ ತಿರಗತದ. ನನ್ನ ಹೆಸರು ಹೊಡದು ಹಾಕು."

"ನಂದೂ," ಅಂದಳು ಶಾರದಾಬಾಯಿ. "ಗಾಣಗಾಪುರ ಇಲ್ಲದ ಯಾತ್ರಾ ಏನು ಯಾತ್ರಾ?"

"ಈಜು ಬರ್ದವ್ರನ್ನೆಲ್ಲಾ ಒಯ್ದು ಮುಳಗಸಬೇಕಂತೀಯೇನು?" ಅಂದ ಶಾಂತಕುಮಾರ, ಹೋಳಿಗೆ ಮುಗಿಸಿಯೇ.

ಹತ್ತೊಂಬತ್ತು ಹೆಸರು ಮೂರಾದವು: ನಿಂಬೆವ್ವ, ಗುರುಶಾಂತ, ವಿದ್ಯಾವತಿ. ಹೊತ್ತು ಮೂರಾಗಿತ್ತು. ನಿಂಬೆವ್ವ ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಚ್ಚಿ, "ಹೋಗ್ಲಿ ಬಿಡೋ, ಮಂದಿಗೆ ಒತ್ತಾಯ ಮಾಡಬಾರ್ದು," ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ಅದನ್ನು ನೋಡಿ ಗುರುಶಾಂತನಿಗೆ ತನ್ನ ಮೇಲೆ, ಮನೆತನದ ಮೇಲೆ, ಆ ಜೀಪಿಗೆ ಹೆಸರಿಟ್ಟವರ ಮೇಲೆ ತಡೆಯಲಾರದ ಸಿಟ್ಟು ಬಂತು. ಏನು ಮಾಡಬೇಕೆಂದು ತಿಳಿಯದೆ ಬದುವಿನ ಮೇಲೆ ಹೋಗಿ ಕೂತ.

ಆಗ ವಿದ್ಯಾವತಿ ಎದ್ದಳು. ಮೊಬೈಲಿನಲ್ಲಿ ಇಳಿಸಿಟ್ಟುಕೊಂಡಿದ್ದ ಹಡಗಿನ ವಿಡಿಯೋ ಹಚ್ಚಿ, ಪಾತ್ರೆ ತಿಕ್ಕುತ್ತಿದ್ದ ಶಾರದಾಬಾಯಿಯ ಮುಂದೆ ಹಿಡಿದಳು.

"ನೋಡ್ರಿ ಅತ್ತಿ. ದಿನಾ ನಾಕು ಹೊತ್ತು ಊಟ ಅವ್ರೇ ಕೊಡ್ತಾರ. ಉಂಡ ತಾಟು ಅವ್ರೇ ಎತ್ತತಾರ."

ಶಾರದಾಬಾಯಿಯ ಕೈಯಲ್ಲಿದ್ದ ಬೂದಿ ಜಾರಿತು. "ಅಂದ್ರ ಮೂರು ದಿನ ರೊಟ್ಟಿ ಬಡಿಯೋದಿಲ್ಲಾ?"

"ಒಂದೂ ಇಲ್ರಿ."

ಶಾರದಾಬಾಯಿ ನಲವತ್ತೆರಡು ವರ್ಷದ ರೊಟ್ಟಿಗಳನ್ನು ಒಮ್ಮೆಗೇ ನೆನೆಸಿಕೊಂಡವಳಂತೆ ಗಂಡನ ಕಡೆ ತಿರುಗಿದಳು. "ನಾ ಬರೋದು ಖರೇ. ನೀವು ಬಾವಿ ಇಣಿಕಿಕೋತ ಇಲ್ಲೇ ಇರ್ರಿ."

ವಿಡಿಯೋ ಕೈಯಿಂದ ಕೈಗೆ ಹೋಯಿತು. ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬದುವಿನ ಕಡೆ ನಡೆದು ಬಂದು ಹೆಸರು ಬರೆಸಿದರು. ಹೆಂಗಸರು ಹೋದ ಮೇಲೆ ಗಂಡಸರಿಗೆ ಮನೆಯಲ್ಲಿ ರೊಟ್ಟಿ ಬಡಿದು ಹಾಕುವವರು ಯಾರು? ಅವರೂ ಬಂದರು. ಶಾಂತಕುಮಾರ, "ಹಡಗಿನ್ಯಾಗ ತುಪ್ಪ ಕೊಡ್ತಾರೇನು?" ಎಂದು ಕೇಳಿ ಬರೆಸಿದ. ನಾಲ್ಕೂವರೆಗೆ ಇಪ್ಪತ್ನಾಲ್ಕು ಆಯಿತು. ಕಡೆಗೆ ಮಲ್ಲಣ್ಣ ಕಾಕಾ ಎಲ್ಲಿಂದಲೋ ಟ್ರ್ಯಾಕ್ಟರಿನ ಹಳೆಯ ಟ್ಯೂಬು ಹೆಗಲಿಗೆ ಹಾಕಿಕೊಂಡು ಬಂದು, "ಬರ್ಕೊ. ಇದಕ್ಕ ಗಾಳಿ ಹೊಡಸ್ತೇನಿ. ಮುಂದಿನ ಸೀಟು ಮಾತ್ರ ನಂದೇ," ಅಂದ.

ಇಪ್ಪತ್ತೈದು. ನಿಂಬೆವ್ವ ಹಾಳೆ ಇಸಿದುಕೊಂಡು, ಓದಲು ಬಾರದಿದ್ದರೂ ಮೇಲಿನಿಂದ ಕೆಳಗಿನವರೆಗೆ ಎಲ್ಲ ಹೆಸರುಗಳ ಮೇಲೆ ಕೈಯಾಡಿಸಿದಳು. ಹೊಲದಲ್ಲಿ ಈಗ ಹಡಗಿನದೇ ಮಾತು. ಸಮುದ್ರಕ್ಕೆ ಯಾವ ಸೀರೆ, ಉಪ್ಪುನೀರಿಗೆ ಬಳೆ ಕಪ್ಪಾಗುತ್ತವೆಯೇ, ಲಿಂಗಪೂಜೆಗೆ ಸಿಹಿನೀರು ಸಿಗುತ್ತದೆಯೇ. ಗುರುಶಾಂತ ಜನ್ಮದಲ್ಲಿ ಮೊದಲ ಸಲ ಮನೆತನದ ನಡುವೆ ಎದೆ ಉಬ್ಬಿಸಿ ನಿಂತಿದ್ದ. ಭಾವ ತಾನಾಗಿಯೇ ಎಲೆ ಅಡಿಕೆ ಕೊಟ್ಟ.

ಸರಿಯಾಗಿ ಐದಕ್ಕೆ ಬಂಡಿದಾರಿಯಲ್ಲಿ ಧೂಳೆದ್ದಿತು. ಹೊಲದ ಬಾಯಿಗೆ ಬಂದು ನಿಂತದ್ದು ಒಂದು ಬಿಳಿ ಕ್ರೂಸರ್. ಮುಂದಿನ ಗಾಜಿಗೆ ಚೆಂಡುಹೂವಿನ ಮಾಲೆ, ಒಳಗೆ ಇಡೀ ಹೊಲ ನಡುಗುವ ಹಾಡು. ಮೆಹಬೂಬ ಇಳಿದು ಎಲ್ಲರಿಗೂ ಕೈ ಮುಗಿದ.

"ನೋಡ್ರಿ ಕ್ಲರ್ಕ್ ಸಾಹೇಬ್ರ, ಮನಿ ಮಂದಿಗೆ ತೋರ್ಸೋಣಂತ ಗಾಡಿನೇ ತಂದೇನಿ. ಇದೊಂದು, ಇದರಂಥದೇ ಇನ್ನೊಂದು. ಹಾಡಿನ ಡೆಕ್ ಕೇಳ್ರಿ ಹ್ಯಾಂಗದ. ನೀವು ಕೇಳಿದ್ರಂತ ಜೋರ್ ಮಾಡೇನಿ."

ಗುರುಶಾಂತನ ಬಾಯಲ್ಲಿದ್ದ ಎಲೆ ಅಡಿಕೆ ಅಲ್ಲೇ ನಿಂತಿತು. "ಹಡಗು?" ಅಂದ.

"ಯಾವ ಹಡಗ್ರಿ?"

"ನಿಮ್ಮ ಬೋರ್ಡಿನ ಮ್ಯಾಲ ಅದಲ್ರಿ."

"ತಾಜ್‌ಮಹಲೂ ಅದ್ರಿ. ಅದನ್ನೂ ಬುಕ್ ಮಾಡ್ತೇನೇನು? ಏನ್ ಬೇಕ್ರಿ ಅಂತ ನಾ ಕೇಳಿದೆ. ಕ್ರೂಸ್ರಿ ಅಂದ್ರಿ. ಕ್ರೂಸರ್ ತಂದೇನಿ."

"ನಾ ಕ್ರೂಸ್ ಅಂದೇನ್ರಿ. ರಿ ಅಂದಿದ್ದು ನೀವು ಹಿರ್ಯಾರಂತ ಮರ್ಯಾದಿಗೆ."

"ಹಿರ್ಯಾರಿಗೆ ಮರ್ಯಾದಿ ಕೊಡೋದಿತ್ತಂದ್ರ ಕೈ ಮುಗಿಬೇಕಿತ್ರಿ," ಅಂದ ಮೆಹಬೂಬ ನೊಂದುಕೊಂಡು. "ಗಾಡಿ ಹೆಸರಿಗೆ ಯಾಕ ಜೋಡಿಸಿದ್ರಿ?"

ಹಿಂದೆ ಯಾರೋ ಹಾಡು ಬಂದ್ ಮಾಡಿದರು. ಮನೆತನವೆಲ್ಲ ಗುರುಶಾಂತನ ಸುತ್ತ ನೆರೆಯಿತು. ಬೆಳಗ್ಗೆ ಇದೇ ಕ್ರೂಸರಿನಲ್ಲಿ ಸೀಟಿಗಾಗಿ ಜಗಳಾಡಿದ ಮಂದಿ.

"ಹಡಗಂತ ಆಸಿ ಹಚ್ಚಿ ಜೀಪು ತಂದೀಯಲ್ಲೋ," ಅಂದಳು ಶಾರದಾಬಾಯಿ. "ಇಪ್ಪತ್ತೈದು ಮಂದಿಗೆ ಮೂರು ದಿನದ ರೊಟ್ಟಿ ನೀ ಬಡೀತೀಯೇನು? ಹೊಡಿ ನನ್ನ ಹೆಸರು."

"ಜೀಪಿನ್ಯಾಗ ಗೋವಾಕ್ಕ ಯಾರು ಹೋಗ್ತಾರ?" ಅಂದ ಮಲ್ಲಣ್ಣ ಕಾಕಾ, ಟ್ಯೂಬನ್ನು ಹೆಗಲಿನಿಂದ ಇಳಿಸದೆಯೇ. "ಮಂದಿಗೆ ಹಡಗಂತ ಹೇಳಿಬಿಟ್ಟೇನಿ ನಾ."

ಶಾಂತಕುಮಾರ ಪೆನ್ನು ತೆಗೆದುಕೊಂಡು ಹೆಸರುಗಳನ್ನು ತಾನೇ ಹೊಡೆಯತೊಡಗಿದ. ಅವನ ಕೈ ಚುರುಕು. ಮೆಹಬೂಬ ಇನ್ನೊಂದು ಪಾರ್ಟಿಗೆ ಫೋನು ಹಚ್ಚಿದ.

ಇಷ್ಟರಲ್ಲಿ ನಿಂಬೆವ್ವ ಯಾರಿಗೂ ಹೇಳದೆ ಹೋಗಿ ಕ್ರೂಸರಿನ ಮುಂದಿನ ಸೀಟಿನಲ್ಲಿ ಕೂತುಬಿಟ್ಟಿದ್ದಳು. ಕಾಲು ನೋಯುತ್ತಿದ್ದವು, ಊರಿಗಾದರೂ ಇದರಲ್ಲೇ ಹೋಗಬೇಕು. ಗುರುಶಾಂತ ಕಿಟಕಿಯ ಬಳಿ ಓಡಿದ. ಊರೆಲ್ಲ ಬೈದರೂ ತಾಯೊಬ್ಬಳು ಸಾಕ್ಷಿ ಹೇಳಿದರೆ ಸಾಕಾಗಿತ್ತು.

"ಅವ್ವ, ನೀನರೆ ಹೇಳ ಬೇ. ನಾ ಮೊದಲ ದಿನದಿಂದ ಕ್ರೂಸ್ ಅಂತನೇ ಅನ್ನಾಕತ್ತೇನಿ ಇಲ್ಲೊ? ನಿನಗ ಹಡಗಂತ ತಿಳೀತಿಲ್ಲೊ?"

ನಿಂಬೆವ್ವ ಮಗನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ತಿಂಗಳಿಂದ ನಗುತ್ತಿದ್ದ ಮುಖದಲ್ಲಿ ಈಗ ನಗು ಇರಲಿಲ್ಲ.

"ನನಗ ತಿಳೀದೇ ಏನು?" ಅಂದಳು. "ಹುಟ್ಟಿದಾಗಿಂದ ಒಂದ್ಸಲರೆ ನೀ ನನಗ ರಿ ಅಂದೀಯೇನು?"

ಹಾಗೆಂದು ಧಡಾರನೆ ಬಾಗಿಲು ಹಾಕಿಕೊಂಡಳು.