ಹದಿನಾಲ್ಕು ಡಬ್ಬಿಗಳ ಹೊಲ

ನಾಸಿಕ್‌ಗೆ ವರ್ಗವಾಗಿ ಬಂದ ಮೂರನೆಯ ವರ್ಷ ನಾನು ಹೊಲದ ಯಜಮಾನನಾದೆ. ಹೊಲವೆಂದರೆ ಒಂದನೇ ಮಹಡಿಯ ನಮ್ಮ ಬಾಲ್ಕನಿ. ಹಳೆಯ ಪೇಂಟ್ ಬಕೆಟ್ಟು, ಎಣ್ಣೆ ಡಬ್ಬಿ ಎಲ್ಲ ಸೇರಿ ಹದಿನಾಲ್ಕು ತುಂಡು ಜಮೀನು.

ಇದಕ್ಕೆಲ್ಲ ಕಾರಣ ಭಾಲ್ಕಿಯ ನಮ್ಮ ಮಾವ. ಬೀದರ್ ಕಡೆ ಎಳ್ಳಮಾವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ಹತ್ತಾರು ಕಾಯಿಪಲ್ಲೆ ಹಾಕಿದ ಭಜ್ಜಿಯನ್ನು ಸಜ್ಜೆ ರೊಟ್ಟಿಯ ಜೊತೆ ಕಲಸಿ, ಭೂಮಿತಾಯಿಗೆ ಚರಗ ಎಂದು ಹೊಲದ ತುಂಬ ಚೆಲ್ಲುತ್ತಾರೆ. ಬ್ಯಾಂಕ್ ಗುಮಾಸ್ತನಾದ ನನಗೆ ಹೊಲವಿಲ್ಲ. ಪ್ರತಿ ವರ್ಷ ಮಾವ ತಮ್ಮ ಹೊಲದಲ್ಲಿ, ಇಡೀ ಬಳಗದ ಎದುರು, "ಅಳಿಯಂದ್ರೆ, ಜ್ವಾಳದ ಗಿಡ ಯಾವ್ದು ಗುರುತು ಸಿಗ್ತದಿಲ್ಲ?" ಎನ್ನುವರು. ಎಲ್ಲರೂ ನಗುವರು.

ಆ ಸಿಟ್ಟಿಗೆ ಗಣೇಶ ಚೌತಿಯಂದೇ ಫೋನ್ ಮಾಡಿದೆ. "ಮಾವಾ, ಈ ಸಲ ಎಳ್ಳಮಾಸಿಗಿ ನಮ್ಮ ಹೊಲಕ್ ಬರ್ರಿ. ಭಜ್ಜಿ ಕಾಯಿಪಲ್ಲೆ ಎಲ್ಲಾ ನಮ್ಮಂದೇ."

"ಯಾವ ಹೊಲ?"

"ಬಂದ್ ನೋಡ್ರಿ."

ಬದನೆ, ಅವರೆ, ಮೆಂತೆ ಬಿತ್ತಿದೆ. ಬೆಳಗ್ಗೆ ಎರಡು ಬಕೆಟ್ ನೀರು, ಸಂಜೆ ಎರಡು. ಡಬ್ಬಿ ತುಂಬಿ, ನೀರು ಮಣ್ಣು ಗೊಬ್ಬರ ಬೀಜ ಸಮೇತ ಅಂಚು ದಾಟಿ ಕೆಳಗೆ ಧುಮುಕುತ್ತಿತ್ತು. ಹೆಂಡತಿ ಸುಮಂಗಲಾ, "ಏನ್ರಿ, ಅದು ಬದನಿ ಗಿಡ. ಎಮ್ಮಿ ಮೈ ತೊಳ್ದಂಗ ತೊಳಿಲತ್ತೀರಲ್ಲ" ಎಂದಳು. ಕೃಷಿ ತಜ್ಞರು ಇಂಥ ಮಾತಿಗೆ ಕಿವಿಗೊಡುವುದಿಲ್ಲ. ಮೆಂತೆ ಮೊಳೆಯಲಿಲ್ಲ, ಮತ್ತೆ ಬಿತ್ತಿದೆ. ಹಾಗೆ ನಾಲ್ಕು ಸಲ. ಬದನೆ ಎಲೆ ಹಳದಿಯಾಯಿತು. ಇನ್ನೊಂದು ಬಕೆಟ್ ಸುರಿದೆ.

ಅಷ್ಟರಲ್ಲಿ ಕೆಳಗಿನ ಮನೆಯ ಮರಾಠಿ ಆಜಿ ನಮ್ಮ ಬೆಲ್ ಒತ್ತತೊಡಗಿದರು. ನೀರಿನ ತಕರಾರೇ ಎಂದು ನಾನು ಪ್ರತಿ ಸಲ ಬಾತ್‌ರೂಮಿಗೆ ಓಡುತ್ತಿದ್ದೆ. ಸಾಹೇಬರು ಸ್ನಾನಕ್ಕೆ ಹೋಗಿದ್ದಾರೆ ಎಂದು ಸುಮಂಗಲಾ ಹೇಳುವಳು. ಒಂದು ಭಾನುವಾರ ನನಗೆ ಮೂರು ಸ್ನಾನವಾಯಿತು. ಆಜಿ ಬಾಗಿಲಲ್ಲಿ ಬಹಳ ಹೊತ್ತು ಮಾತಾಡುತ್ತಿದ್ದರು.

"ಏನಂದ್ರು?"

"ನೀರಿನ ವಿಷಯರಿ" ಎಂದು ಸುಮಂಗಲಾ ಅಡುಗೆಮನೆಗೆ ಹೋಗುವಳು. ಪಾಪ, ನನ್ನ ಸಲುವಾಗಿ ಎಷ್ಟು ಬೈಸಿಕೊಳ್ಳುತ್ತಿದ್ದಾಳೋ ಎಂದುಕೊಳ್ಳುತ್ತಿದ್ದೆ.

ಅಮಾವಾಸ್ಯೆ ಬೆಳಗ್ಗೆ ಮಾವ ಬಂದಿಳಿದರು. ಕನ್ನಡಕ ಹಾಕಿಕೊಂಡು ಬಾಲ್ಕನಿ ನೋಡಿದರು. ಹದಿನಾಲ್ಕು ಡಬ್ಬಿಗಳಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಒಂದು ಬದನೆಕಾಯಿ ಇತ್ತು.

"ಈ ಹೊಲದ್ ಸರ್ವೆ ನಂಬರ್ ಎಷ್ಟ್ರಿ?" ಎಂದು ಕೇಳಿ, ಕೈ ತೊಳೆಯಲು ಬಾತ್‌ರೂಮಿಗೆ ಹೋದರು.

ಒಲೆಯ ಮೇಲೆ ಪಾತ್ರೆ ತುಂಬ ಭಜ್ಜಿ ಕುದಿಯುತ್ತಿತ್ತು. ಸುಮಂಗಲಾ ಗುಟ್ಟಾಗಿ ಮಾರ್ಕೆಟ್ಟಿನಿಂದ ತಂದು ನನ್ನ ಮಾನ ಕಾಯಲು ನೋಡಿದ್ದಾಳೆ ಎಂದುಕೊಂಡೆ. ಚರಗವನ್ನಾದರೂ ವಿಧಿಪೂರ್ವಕ ಮಾಡೋಣವೆಂದು ಡಬ್ಬಿಗಳ ಸುತ್ತ ಚೆಲ್ಲಿ, ಕೊನೆಯ ಹಿಡಿಯನ್ನು ಹೊಲದ ಗಡಿಯಾಚೆ ಬೀಸಿ ಎಸೆದೆ. ಗಡಿ ಎಂದರೆ ಬಾಲ್ಕನಿಯ ಕಂಬಿ.

ಕೆಳಗಿನಿಂದ "ಅಗಬಾಯೀ!" ಎಂಬ ಕೂಗು ಬಂತು.

ಬಾತ್‌ರೂಮಿಗೆ ಓಡಿದೆ. ಒಳಗೆ ಮಾವ ಇದ್ದರು, ಚಿಲಕ ಹಾಕಿತ್ತು. ಆಜಿ ಬಂದೇಬಿಟ್ಟರು, ಬೆಳ್ಳಗಿನ ತುರುಬಿನ ಮೇಲೆ ಭಜ್ಜಿ ಸಮೇತ. ಬೈಯಲಿಲ್ಲ. ಮಾವ ಹೊರಬಂದ ಮೇಲೆ ಎಲ್ಲರನ್ನೂ ಕೆಳಗೆ ಕರೆದುಕೊಂಡು ಹೋದರು.

ನಮ್ಮ ಬಾಲ್ಕನಿಯ ನೇರ ಕೆಳಗೆ ಆಜಿಯ ಏಳು ಸಿಮೆಂಟ್ ಕುಂಡ. ಒಂದರಲ್ಲಿ ಬದನೆ ಗೊಂಚಲು, ಒಂದರಲ್ಲಿ ಮೊಣಕಾಲೆತ್ತರದ ಮೆಂತೆ, ಅವರೆ ಬಳ್ಳಿ ಕಿಟಕಿ ಕಂಬಿ ಹತ್ತಿ ಕುಳಿತಿತ್ತು. ಖಾಲಿ ಇಟ್ಟಿದ್ದ ಕುಂಡಗಳು, ಎಲ್ಲ ಮೇಲಿನಿಂದಲೇ ಬಿತ್ತು ಎಂದು ಆಜಿ ನನಗೆ ಕೈ ಮುಗಿದರು.

ನಾನು ಸುಮಂಗಲಾಳ ಮುಖ ನೋಡಿದೆ.

"ಎರಡ್ ತಿಂಗಳಿಂದ ಆಜಿ ತಂದ್ ಕೊಟ್ಟ ಇದೇ ಪಲ್ಲೆ ಉಣ್ಲತ್ತೀರಿ. ಇವತ್ತಿನ ಭಜ್ಜಿನೂ ಇದರದೇ" ಎಂದಳು.

"ಮತ್ತ ನನಗ್ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೀವು ನೀರ್ ನಿಲ್ಲಿಸ್ತಿದ್ರಿ."

ಮಾವ ಮೇಲಿನಿಂದ ಭಜ್ಜಿ ತರಿಸಿ, ಕುಂಡಗಳ ಸುತ್ತ ಮತ್ತೊಮ್ಮೆ ಚರಗ ಚೆಲ್ಲಿ, ನನ್ನ ಬೆನ್ನು ತಟ್ಟಿದರು. ಜೀವನದಲ್ಲಿ ಮೊದಲ ಸಲ. "ಅಳಿಯಂದ್ರ ಬೆಳಿ ಭಾಳ ಛಲೋ ಅದ" ಎಂದು ಅಲ್ಲಿಂದಲೇ ಊರಿಗೆ ಫೋನ್ ಹಚ್ಚಿದರು. "ಹೊಲ ಒಂದು ಬ್ಯಾರೇದವ್ರದ್ದು."

ಈಗಲೂ ದಿನಕ್ಕೆ ನಾಲ್ಕು ಬಕೆಟ್ ಸುರಿಯುತ್ತೇನೆ. ತಡವಾದರೆ ಆಜಿ ಕೆಳಗಿನಿಂದ "ಪಾಣೀ" ಎಂದು ಕೂಗುತ್ತಾರೆ. ಯಜಮಾನನಾಗಲು ಹೊರಟವ ನೀರು ಹಾಯಿಸುವ ಆಳಾಗಿದ್ದೇನೆ. ಆದರೆ ಸ್ನಾನಕ್ಕೆ ದಿನಕ್ಕೆ ಒಂದೇ ಸಲ ಹೋಗುತ್ತೇನೆ.