ಮಾವನ ಇಂಗ್ಲಿಷೂ ಅತ್ತೆಯ ಅಂಟಿನ ಉಂಡಿಯೂ

ಬ್ರಿಟಿಷರು ಭಾರತ ಬಿಟ್ಟು ಹೋಗಿದ್ದು ನಮ್ಮ ಸೋದರಮಾವನಿಗೆ ಹೆದರಿ ಎಂಬುದು ನನ್ನ ಬಲವಾದ ಅನುಮಾನ. ಆಗ ಮಾವ ಇನ್ನೂ ಹುಟ್ಟಿರಲಿಲ್ಲ, ನಿಜ. ಆದರೆ ಮುಂದೆ ಬೀಳಗಿ ಕಡೆ ಇಂಥವನೊಬ್ಬ ಹುಟ್ಟಿ, ತಮ್ಮ ಭಾಷೆಯನ್ನು ತಮಗೇ ತಿದ್ದುತ್ತಾನೆ ಎಂಬ ಸುಳಿವು ಅವರಿಗೆ ಹೇಗೋ ಸಿಕ್ಕಿರಬೇಕು!

ಮಾವ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರ. ನಮ್ಮ ವಂಶದಲ್ಲಿ ಇಂಗ್ಲಿಷ್ ಬಲ್ಲವರು ಬೇರೆ ಯಾರೂ ಇಲ್ಲದ್ದರಿಂದ ಅವನನ್ನು ಪರೀಕ್ಷಿಸುವವರೂ ಇರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ! ಅವನ ಸಾಲೆಯಲ್ಲಿ ಜ್ವರ ಬಂದ ಹುಡುಗನೂ ತನ್ನ ಜ್ವರವನ್ನು ಶುದ್ಧ ಇಂಗ್ಲಿಷಿನಲ್ಲಿ ಹೇಳಬೇಕಿತ್ತು. 'ಐ ಆಮ್ ಹ್ಯಾವಿಂಗ್ ಫೀವರ್' ಎಂದರೆ ರಜೆ ಇಲ್ಲ. ತಿದ್ದಿ ತಿದ್ದಿ ಹೇಳುವಷ್ಟರಲ್ಲಿ ಜ್ವರವೇ ಬೇಸತ್ತು ಬಿಟ್ಟು ಹೋಗುತ್ತಿತ್ತು.

ಮಾವನ ಅಂಗಿಯ ಕಿಸೆಯಲ್ಲಿ ಯಾವಾಗಲೂ ಒಂದು ಸೀಮೆಸುಣ್ಣದ ತುಂಡು. ಬೀಳಗಿಯ ಬಸ್‌ಸ್ಟ್ಯಾಂಡಿನ ಹತ್ತಿರ 'ಲೇಡೀಸ್ ಟೇಲರ್' ಎಂಬ ಇಂಗ್ಲಿಷ್ ಬೋರ್ಡು ಹಾಕಿಕೊಂಡ ದರ್ಜಿಯೊಬ್ಬನಿದ್ದ. 'ಲೇಡೀಸ್' ಆದ ಮೇಲೆ, ಮೇಲ್ಗಡೆ ಅಪಾಸ್ಟ್ರಫಿ ಎಂಬ ಒಂದು ಸಣ್ಣ ಕೊಕ್ಕೆ ಬರಬೇಕೆಂಬುದು ಮಾವನ ಹಟ. ಹೋಗುವಾಗ ಬರುವಾಗ ಹಿಮ್ಮಡಿ ಎತ್ತಿ ಸುಣ್ಣದಲ್ಲಿ ಆ ಕೊಕ್ಕೆ ಬರೆಯುತ್ತಿದ್ದ. ದರ್ಜಿ ಪಾಪ, ಅದನ್ನು ಕಾಗೆಯ ಹಿಕ್ಕೆ ಎಂದುಕೊಂಡು, "ಈ ಕಾಗಿಗೆ ನನ್ನ ಬೋರ್ಡೇ ಸಿಗ್ತೈತೇನ್ ದಿನಾ?" ಎಂದು ಬೈಯುತ್ತ ಒದ್ದೆ ಅರಿವೆಯಿಂದ ಒರೆಸುತ್ತಿದ್ದ. ಕಾಗೆ ಕೊನೆಗೂ ಸೋಲಲಿಲ್ಲ, ದರ್ಜಿಯೂ ಸೋಲಲಿಲ್ಲ.

ಕೃಷ್ಣೆಯ ಹಿನ್ನೀರು ಊರಿಗೆ ಬರುತ್ತದೆಂದು ಇಂಗ್ಲಿಷಿನಲ್ಲಿ ನೋಟೀಸು ಬಂದಾಗ, ಓದಿಸಿಕೊಳ್ಳಲು ಇಡೀ ಓಣಿಯೇ ಮಾವನ ಕಟ್ಟೆಗೆ ಬಂದು ಕೂತಿತು. ಮಾವ ಕನ್ನಡಕ ಏರಿಸಿ ಓದಿದ. ಮುಖ ಕೆಂಪಾಯಿತು. "ಛೇ ಛೇ, ಅನ್ಯಾಯ!" ಎಂದ. ಹೆಂಗಸರು ಅಳಲು ಶುರುಮಾಡಿದರು.

"ಮಾಸ್ತರ, ಮನಿ ಮುಳುಗತಾವೋ ಇಲ್ಲೋ ಅಷ್ಟ ಹೇಳ್ರಿ!" ಎಂದು ಮುದುಕರೊಬ್ಬರು ಕೂಗಿದರು.

"ಮುಳುಗತಾವ್ರಿ. ಅದರಾಗ ಏನೂ ಸಂಶೇ ಇಲ್ಲ. ಆದ್ರ ನೋಡ್ರಿಲ್ಲೆ, ಮುಳುಗೂದಕ್ಕ ಬರದ ಸ್ಪೆಲ್ಲಿಂಗಿನ್ಯಾಗ ಒಂದ ಅಕ್ಷರಾನ ಬಿಟ್ಟಾರ!"

ಊರು ಮುಳುಗಿತು. ಎಲ್ಲರೂ ಪುನರ್ವಸತಿ ಕೇಂದ್ರದ ಹೊಸ ಮನೆಗಳಿಗೆ ಬಂದೆವು. ತಪ್ಪು ಸ್ಪೆಲ್ಲಿಂಗಿಗೆ ಹೆದರಿ ನೀರು ಹಿಂದೆ ಸರಿಯಲಿಲ್ಲವಲ್ಲ ಎಂಬ ಬೇಸರ ಮಾವನಿಗೆ ಬಹಳ ದಿನ ಇತ್ತು.

ಇಷ್ಟೇ ಆಗಿದ್ದರೆ ನಗುತ್ತ ಇದ್ದುಬಿಡಬಹುದಿತ್ತು. ಆದರೆ ಮಾವನಿಗೆ ಶೈಲಾ ಎಂಬ ಒಬ್ಬಳೇ ಮಗಳಿದ್ದಳು, ಅವಳಿಗೆ ವರ ನೋಡುವ ಕಾಲ ಬಂತು. ವರಗಳೋ, ಮಾವನ ಇಂಗ್ಲಿಷಿನ ಖ್ಯಾತಿ ಕೇಳಿ ಇಂಗ್ಲಿಷಿನಲ್ಲೇ ಮಾತಾಡಲು ತಯಾರಾಗಿ ಬರುತ್ತಿದ್ದವು!

ಮುಧೋಳದಿಂದ ಬಂದ ಮೊದಲ ವರ ಕೈಮುಗಿದು, "ಮೈಸೆಲ್ಫ್ ಬಸವರಾಜ್" ಎಂದ. ಅಷ್ಟೇ! ಅವನ ಮುಂದೆ ಉಪ್ಪಿಟ್ಟಿನ ತಾಟು ಬರುವ ಮೊದಲೇ ಪಾಠ ಬಂತು. ಪಾಠ ಮುಗಿಯುವಷ್ಟರಲ್ಲಿ ಉಪ್ಪಿಟ್ಟು ಆರಿತ್ತು, ವರ ಎದ್ದಿದ್ದ. ಜಮಖಂಡಿಯಿಂದ ಬಂದ ಎರಡನೆಯ ವರನ ತಂದೆ, ಪಕ್ಕದಲ್ಲಿ ಕೂತ ಗಡ್ಡಧಾರಿಯನ್ನು ತೋರಿಸಿ, "ಇಂವ ನಮ್ಮ ಹುಡುಗನ ಕಸಿನ್ ಬ್ರದರ್ರಿ" ಎಂದರು.

ಮಾವ ತಣ್ಣಗೆ, "ಕಸಿನ್ ಅಂದ್ರ ಸಾಕ್ರಿ. ಬ್ರದರ್ ಅಂಬೂದು ಗಡ್ಡಾ ನೋಡಿದ್ರ ತಿಳೀತೈತಿ" ಎಂದ.

ಅವರೂ ಎದ್ದರು. ಆ ಸಂಜೆ ಶೈಲಾ ಅಡುಗೆಮನೆಯಿಂದ ಹೊರಗೆ ಬಂದು, ತಾನು ಹುಟ್ಟಿದಾಗಿನಿಂದ ಎಂದೂ ಎತ್ತದ ದನಿ ಎತ್ತಿದಳು.

"ಅಪ್ಪಾ, ನನಗ ಗಂಡ ಬೇಕು. ಡಿಕ್ಷನರಿ ಬ್ಯಾಡ!"

ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ರಾತ್ರಿ ಮಾವ ಊಟ ಮಾಡಲಿಲ್ಲ. "ನಾ ಏನ್ ಮಾಡ್ಲಿ, ತಪ್ಪು ಕೇಳಿದ ಕೂಡ್ಲೆ ಬಾಯಿ ತಾನ ತೆರೀತೈತಿ" ಎಂದು ಅತ್ತೆಯ ಮುಂದೆ ಗೋಳಾಡಿದ.

"ತೆರೀಲಾರದಂಗ ನಾ ಮಾಡ್ತೀನಿ ಬಿಡ್ರಿ" ಎಂದಳು ಅತ್ತೆ.

ಅತ್ತೆಗೆ ಎ ಬಿ ಸಿ ಡಿ ಬರುವುದಿಲ್ಲ. ಆದರೆ ಅಂಟಿನ ಉಂಡಿ ಕಟ್ಟಲು ಬರುತ್ತದೆ. ಬಾಣಂತಿಯರಿಗೆಂದು ತಿನ್ನುವ ಅಂಟು, ಕೊಬ್ಬರಿ, ಉತ್ತತ್ತಿ ಹಾಕಿ ಮಾಡುವ ಉಂಡಿಯದು. ಈ ಸಲ ಅವಳು ಮಹಾಲಿಂಗಪುರದ ಬೆಲ್ಲದ ಪಾಕವನ್ನು ಬೇಕೆಂದೇ ಗಟ್ಟಿಯಾಗಿ ತೆಗೆದಳು. ಒಂದು ಉಂಡಿ ಬಾಯಿಗೆ ಹೋಯಿತೆಂದರೆ ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಬೀಗರಾದಂತೆ! ಮೂರನೆಯ ವರ ಬನಹಟ್ಟಿಯಿಂದ ಬಂದು ಹೊಸ್ತಿಲು ತುಳಿಯುತ್ತಿದ್ದಂತೆ ಅತ್ತೆ ಮಾವನ ಬಾಯಿಗೊಂದು ಉಂಡಿ ತುರುಕಿದಳು.

ವರನ ಹೆಸರು ಈರಣ್ಣ. ಮನೆಯಲ್ಲಿ ಪವರ್‌ಲೂಮುಗಳಿದ್ದವು. ಮಗ್ಗದ ಸದ್ದಿನಲ್ಲೇ ಬೆಳೆದವನಾದ್ದರಿಂದ ಪಕ್ಕದಲ್ಲಿ ಕೂತವರೊಂದಿಗೂ ಆಚೆ ಓಣಿಗೆ ಕೇಳುವಂತೆ ಮಾತಾಡುತ್ತಿದ್ದ. ಅವನು ಎಲ್ಲರಿಗೂ ಕೇಳುವಂತೆ, "ಸರ್! ಐ ಡಿಡ್ ನಾಟ್ ಸ್ಟಡೀಡ್ ಮೋರ್ ಸರ್!" ಎಂದ. ಮಾವನ ಕಣ್ಣು ದೊಡ್ಡದಾಯಿತು. ಬಾಯಿ ತೆರೆಯಲಿಲ್ಲ. "ಬಟ್ ಐ ಆಮ್ ಲೈಕಿಂಗ್ ಟೀಚರ್ ಫ್ಯಾಮಿಲಿ ಸರ್!" ಎಂದ. ಮಾವನ ಹಣೆಯ ನರ ಉಬ್ಬಿತು. ಮೂಗಿನಿಂದ "ಮ್ಮ್‌ಮ್ಮ್" ಎಂಬ ಸದ್ದು ಬಂತು. ಮಾಸ್ತರರಿಗೆ ಸಂಬಂಧ ಒಪ್ಪಿಗೆಯಾಯಿತೆಂದು ಬೀಗರು ಭಾವಿಸಿದರು! ಬಾಗಿಲ ಸಂದಿಯಲ್ಲಿ ಶೈಲಾ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಉಂಡಿ ಕರಗುವ ಹೊತ್ತಿಗೆ ನಿಶ್ಚಯದ ಸಕ್ಕರೆ ಹಂಚಿ ಮುಗಿದಿತ್ತು.

ಮದುವೆಯ ದಿನ ಕಲ್ಯಾಣಮಂಟಪದ ಬಾಗಿಲಲ್ಲಿ ಎದೆಯೆತ್ತರದ ಥರ್ಮಾಕೋಲ್ ಫಲಕವೊಂದಿತ್ತು. 'ವೆಲ್‌ಕಮ್' ಎಂಬುದಕ್ಕೆ 'ಎಲ್' ಒಂದು ಹೆಚ್ಚಾಗಿತ್ತು. ಮಾವ ನೋಡಿದ. ಕಿಸೆಗೆ ಕೈ ಹಾಕಿದ. ಆಮೇಲೆ ಒಳಗೆ ಅರಿಸಿನ ಮೈಯಲ್ಲಿ ಕೂತ ಮಗಳ ಕಡೆ ನೋಡಿದ. ಕೈ ಹೊರಗೆ ಬಂತು, ಸುಣ್ಣ ಬರಲಿಲ್ಲ. ವಧೂವರರ ಮೇಲೆ ಅಕ್ಕಿಕಾಳು ಬೀಳುವ ತನಕ ಆ ಹೆಚ್ಚಿನ 'ಎಲ್'ಗೆ ಬೆನ್ನು ಆನಿಸಿ ನಿಂತು, ಬಂದವರಿಗೆಲ್ಲ ಕೈಮುಗಿದ. "ಎಷ್ಟ ನಯಾ ವಿನಯಾ ಐತ್ನೋಡ್ರಿ ಮಾಸ್ತರಿಗೆ! ಬಾಗಲಾ ಬಿಟ್ಟ ಸರೀವಲ್ರು" ಎಂದು ಬೀಗರ ಕಡೆಯವರು ಕೊಂಡಾಡಿದರು.

ಸಂಜೆ ಬೀಳ್ಕೊಡುವ ಹೊತ್ತು. ಶೈಲಾ ಟೆಂಪೋದಲ್ಲಿ ಕಿಟಕಿಯ ಪಕ್ಕ ಕೂತು ಅಳುತ್ತಿದ್ದಳು. ಈರಣ್ಣನ ತಾಯಿ ಮಾವನ ಹತ್ತಿರ ಬಂದು, "ಬೀಗರ, ಚಿಂತಿ ಮಾಡಬ್ಯಾಡ್ರಿ. ನಿಮ್ಮ ಮಗಳು ನಮಗೂ ಮಗಳ ಇದ್ದಂಗ" ಎಂದರು.

ಮಾವನಿಗೆ ಅವನ ಭಾಷೆಯಲ್ಲೇ ಧೈರ್ಯ ಹೇಳಬೇಕು ಅನ್ನಿಸಿತೋ ಏನೋ, ಈರಣ್ಣ ಮುಂದೆ ಬಂದ. ಪೇಟ ಸರಿಮಾಡಿಕೊಂಡು, ಮಗ್ಗದ ಮನೆಯ ದನಿಯಲ್ಲಿ ಕೂಗಿಯೇಬಿಟ್ಟ.

"ಯೆಸ್ ಸರ್! ಯುವರ್ ಡಾಟರ್ ಈಜ್ ಮೈ ಡಾಟರ್ ಸರ್! ಐ ವಿಲ್ ಕೀಪ್ ಆನ್ ಮೈ ಹೆಡ್ ಸರ್!"

ಬಾಜಾದವರೂ ನಿಲ್ಲಿಸಿದರು. ಇಂಗ್ಲಿಷ್ ಅರಿಯದ ನಮಗೂ ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು. ಅಳುತ್ತಿದ್ದ ಶೈಲಾ ಅಪ್ಪನ ಮುಖವನ್ನೇ ನೋಡಿದಳು. ಅತ್ತೆಯ ಕೈ ಮುಂಜಾಗ್ರತೆಗೆ ತಂದಿದ್ದ ಉಂಡಿಯ ಡಬ್ಬಿಗೆ ಹೋಯಿತು. ಮಾವನ ಬಾಯಿ ತೆರೆಯಿತು. ಅದರಿಂದ ವ್ಯಾಕರಣ ಹೊರಗೆ ಬೀಳುತ್ತದೆಂದು ನಾವೆಲ್ಲ ಉಸಿರು ಬಿಗಿಹಿಡಿದೆವು.

ಏನೂ ಬರಲಿಲ್ಲ. ಕಣ್ಣು ತುಂಬಿಬಂತು, ಅಷ್ಟೇ. ಮಾವ ಅಳಿಯನ ಪೇಟದ ಮೇಲೆ ಕೈಯಿಟ್ಟ. ಆಮೇಲೆ ಅತ್ತೆಯ ಕಡೆ ತಿರುಗಿ ಕೈಚಾಚಿದ.

"ಒಂದ ಉಂಡಿ ಕೊಡ."

"ಈಗ್ಯಾಕ್ರಿ? ಹೊಂಟ್ರಲ್ಲ ಅವ್ರು."

"ಅದಕ್ಕಲ್ಲ. ಕೊಡ."

ಮದುವೆಮನೆಯಲ್ಲಿ ಗಂಡಸು ಗಟ್ಟಿಯಾಗಿ ಅತ್ತರೆ ಮಗಳು ಟೆಂಪೋದಿಂದ ಇಳಿದುಬಿಡುತ್ತಾಳೆಂಬ ಹೆದರಿಕೆ ಅವನಿಗೆ. ಪಕ್ಕದಲ್ಲೇ ನಿಂತ ನನಗೆ ಅದು ತಿಳಿಯಿತು. ಇಷ್ಟು ದಿನ ಅವನನ್ನು ನೋಡಿ ನಕ್ಕ ನನಗೆ ಆಗ ನಗು ಬರಲಿಲ್ಲ.

ಅತ್ತೆ ಉಂಡಿಯನ್ನು ಎರಡು ಹೋಳು ಮಾಡಿದಳು. ಒಂದನ್ನು ಅವನ ಬಾಯಿಗಿಟ್ಟು, ಇನ್ನೊಂದನ್ನು ತಾನು ಹಾಕಿಕೊಂಡಳು. ಟೆಂಪೋ ಜಮಖಂಡಿ ರಸ್ತೆ ಹಿಡಿದು ಕಾಣದಾಗುವವರೆಗೂ ಇಬ್ಬರೂ ಬಾಯಿ ಮುಚ್ಚಿಕೊಂಡು, ಕಣ್ಣೊರೆಸಿಕೊಳ್ಳುತ್ತ ಅಗಿಯುತ್ತಲೇ ನಿಂತಿದ್ದರು.