ನೆವಿಲ್‌ಗೆ ಯಾರೂ ಗೊತ್ತಿಲ್ಲ

ಕೇಸು ಕೇಳಿ ತೀರ್ಪು ಹೇಳುವ ಹನ್ನೆರಡು ಊರವರ ಜ್ಯೂರಿಗೆ ಬಾ ಎಂದು ಕೋರ್ಟಿನ ಕಾಗದ ಬಂದರೆ ಕುರಿಂಗಾ ಊರಿನವರಿಗೆಲ್ಲ ಹೊಟ್ಟೆನೋವು ಶುರುವಾಗುತ್ತದೆ. ನೆವಿಲ್ ಟ್ರೆಗಿಯರ್‌ಗೆ ಮಾತ್ರ ಅವತ್ತು ಹಬ್ಬ. ಹೆಂಡತಿ ಬೆರಿಲ್ ಸತ್ತ ಮೇಲೆ ಇದ್ದೀಯಾ, ಸತ್ತೆಯಾ ಎಂದು ಅವನನ್ನು ಕೇಳುವ ನರಪಿಳ್ಳೆ ಇರಲಿಲ್ಲ. ಹನ್ನೊಂದು ಜನರ ಜೊತೆ ಎರಡು ವಾರ ಚಹಾ ಕುಡಿಯುವುದೆಂದರೆ ಸಾಮಾನ್ಯವೇ! ಶರ್ಟಿಗೆ ಎರಡೆರಡು ಸಲ ಇಸ್ತ್ರಿ ಹಾಕಿದ.

ಕೋರ್ಟಿನ ಮೆಟ್ಟಿಲ ಮೇಲೆ ಬೇಕರಿಯ ಡೋರೀನ್ ಅಡ್ಡಗಟ್ಟಿದಳು. "ತಪ್ಪಿಸ್ಕೊಳ್ಳೋದು ಬಲು ಸುಲಭ ನೆವಿಲ್. ಆರೋಪಿ ನಂಗೆ ಗೊತ್ತು ಅಂದ್ಬಿಡು, ಮನೆಗೆ ಕಳಿಸ್ತಾರೆ."

"ನಂಗೆ ಯಾರೂ ಗೊತ್ತಿಲ್ವಲ್ಲ."

"ಅಯ್ಯೋ ಪಾಪ!"

ಅದು ಕುರಿ ಕಳವಿನ ಕೇಸು. ಆರೋಪಿ ಲಾರಿ ಡ್ರೈವರ್ ಡ್ಯಾರಿಲ್ ಮೆಕ್‌ನಲ್ಟಿ. ಪರಿಚಯ ಇರುವವರು ಎದ್ದು ಹೇಳಿ ಎಂದು ಜಡ್ಜಮ್ಮ ಕೇಳಿದ್ದೇ ತಡ, ಡೋರೀನ್ ಎದ್ದಳು: "ನಮ್ಮತ್ತಿಗೆ ತಮ್ಮ!" ಮಾಂಸದಂಗಡಿಯವನು ಎದ್ದ: "ಫುಟ್‌ಬಾಲ್ ಕಲಿಸಿದ್ದು ನಾನೇ!" ಹಲ್ಲಿನ ಡಾಕ್ಟರ್ ಎದ್ದ: "ಅವನ ದವಡೆಹಲ್ಲು ಕಿತ್ತವನು ನಾನು!" ಸಣ್ಣ ಊರು ನೋಡಿ, ಅರ್ಧ ಕೋರ್ಟೇ ಖಾಲಿಯಾಯಿತು. ಉಳಿದವರಲ್ಲಿ ಚೀಟಿ ಎತ್ತಿದಾಗ ಹನ್ನೆರಡನೆಯದು ನೆವಿಲ್‌ನದು.

"ಆರೋಪಿ ಗೊತ್ತೇನ್ರಿ ನಿಮಗೆ?"

"ಈ ಊರಲ್ಲಿ ನಂಗೆ ಯಾರೂ ಗೊತ್ತಿಲ್ಲ ಮೇಡಂ!" ಜೀವನದಲ್ಲಿ ಮೊದಲ ಸಲ ನೆವಿಲ್ ಅದನ್ನು ಹೆಮ್ಮೆಯಿಂದ ಹೇಳಿದ.

ಜ್ಯೂರಿ ಬೆಂಚಿನಲ್ಲಿ ಪಕ್ಕದ ಹೆಂಗಸು ಅವನಿಗೊಂದು ಪೆಪ್ಪರ್‌ಮಿಂಟ್ ಕೊಟ್ಟಳು. ಅವನ ಕಣ್ಣು ತುಂಬಿ ಬಂತು. ಗಂಟಲು ಸರಿಮಾಡಿಕೊಂಡು ಪ್ರಮಾಣವಚನ ಓದತೊಡಗಿದ.

"ಏ, ತಡೀರಿ!" ಕಟಕಟೆಯಿಂದ ಡ್ಯಾರಿಲ್ ಕೂಗಿದ. "ಈ ದನಿ ನಂಗೊತ್ತು! ನಮ್ಮ ಹಿತ್ತಲ ತಗಡಿನ ಬೇಲಿಯಾಚೆ ದಿನಾ ಬೆಳಿಗ್ಗೆ ಟೊಮೇಟೊ ಗಿಡದ ಜೊತೆ ಮಾತಾಡೋ ಅಜ್ಜ! ಆರು ವರ್ಷದಿಂದ ಕಾಫಿ ಹಿಡ್ಕೊಂಡು ಕೇಳ್ತಾ ಇದೀನಿ. ಬೆರಿಲಮ್ಮ ಹೋದಾಗ ನಾನೂ ಅತ್ತಿದೀನಿ ಮಾರಾಯ!"

ಜಡ್ಜಮ್ಮ ಕನ್ನಡಕ ತೆಗೆದರು. "ಪರಿಚಯ ಇದೆ ಅಂತಾಯ್ತು. ಇಳೀರಿ."

"ಮುಖಾನೇ ನೋಡಿಲ್ಲ ಮೇಡಂ!"

"ಅವರಿಗೆ ನೀವು ಗೊತ್ತಲ್ಲ. ಇಳೀರಿ."

ಹೊರಗೆ ಡೋರೀನ್ ಬೆನ್ನು ತಟ್ಟಿದಳು. "ಭಲೇ! ಇದು ನಂಗೂ ಹೊಳೆದಿರ್ಲಿಲ್ಲ ನೋಡು."

ನೆವಿಲ್ ಮನೆಗೆ ಹೋಗಲಿಲ್ಲ. ಎರಡು ವಾರವೂ ಹಿಂದಿನ ಬೆಂಚಿನಲ್ಲಿ ಕೂತ. ತನ್ನ ಮಾತು ಕೇಳಿಸಿಕೊಂಡ ಒಬ್ಬ ಮನುಷ್ಯ ಈ ಭೂಮಿಯ ಮೇಲಿದ್ದಾನೆ ಎಂಬ ಸಂತೋಷಕ್ಕೆ ಅವನಿಗೆ ಊಟವೂ ಸೇರಲಿಲ್ಲ. ಕೊನೆಯ ದಿನ ಜ್ಯೂರಿ ಒಕ್ಕೊರಲಿಂದ ಹೇಳಿತು: ತಪ್ಪಿತಸ್ಥ. ಜಡ್ಜಮ್ಮ ಮೂರು ವರ್ಷ ಜೈಲು ಕೊಟ್ಟರು.

ನೆವಿಲ್ ಏದುಸಿರು ಬಿಡುತ್ತ ಗುಮಾಸ್ತನ ಕಿಟಕಿಗೆ ಓಡಿದ. "ಅಪೀಲು ಹಾಕ್ಬೇಕು!"

"ಅದನ್ನ ಆರೋಪಿನೇ ಹಾಕ್ಬೇಕು. ಅವ್ರು ಬೇಡ ಅಂದಾಯ್ತು, ಕದ್ದಿದ್ದು ನಿಜ ಅಂತೆ. ಅಂದಹಾಗೆ, ನೀವು ಅವರಿಗೇನಾಗ್ಬೇಕು?"

ನೆವಿಲ್ ಶರ್ಟಿನ ಕಾಲರ್ ಸರಿಮಾಡಿಕೊಂಡ.

"ನಾನು ಮಾತಾಡೋನು," ಎಂದ. "ಅವ್ನು ಕೇಳೋನು."